ಬಾಗಿಲ ಮೇಲಿನ ಕೊನೆಯ ಸಾಲು

ಮೊದಲು ಯಾರೋ ಚಪ್ಪಲಿ ಎಳೆದುಕೊಂಡು ನಡೆದ ಹಾಗೆ ಸರ್ ಸರ್ ಎನ್ನುತ್ತಿತ್ತು. ಆಮೇಲೆ ಕಾಗದವನ್ನು ಒಳಗೆ ಎಳೆದುಕೊಳ್ಳುವ ಸಣ್ಣದೊಂದು ಟಕ್. ಬೀದಿಯ ಪ್ರಿಂಟರುಗಳೆಲ್ಲ ಕೆಲಸ ಮುಗಿಸಿ ಸುಮ್ಮನಾದ ಮೇಲೆ, ನಡುರಾತ್ರಿ ದಾಟಿದ ಹೊತ್ತಿನಲ್ಲಿ, ನಮ್ಮ ಮಲಗುವ ಕೋಣೆಯ ಗೋಡೆಯಾಚೆಯಿಂದ ಆ ಸದ್ದು ಬರುತ್ತಿತ್ತು. ಒಂದು ಸಲ ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಆ ಎರಡನೆಯ ಸದ್ದಿಗಾಗಿಯೇ ನಾನು ಎಚ್ಚರವಿರುತ್ತಿದ್ದೆ. ಒಂದೇ ಒಂದು ಹೆಸರಿರುವ ಮನೆಗೆ ಎರಡು ಹಾಳೆ ಯಾಕೆ ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ನಮ್ಮೂರಿನಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಆ ಮನೆಯವರ ಹೆಸರುಗಳ ಹಾಳೆ ಇರುತ್ತದೆ. ರಾತ್ರಿ ಮುದ್ರಿಸಿ ಬೆಳಗಿನ ಜಾವದೊಳಗೆ ಅಂಟಿಸಬೇಕು. ಹೊತ್ತು ಏರಿದ ಹಾಗೆ ಅಕ್ಷರಗಳು ಬಿಳಿಚುತ್ತಾ ಬಂದು, ರಾತ್ರಿಯ ಊಟದ ಎಲೆ ತೆಗೆಯುವ ಹೊತ್ತಿಗೆ ಹಾಳೆ ಖಾಲಿಯಾಗಿರುತ್ತದೆ. ಬಾಗಿಲಲ್ಲಿ ಹೆಸರು ಎಷ್ಟು ಕಪ್ಪಾಗಿದೆಯೋ ಆ ದಿನ ಆ ಮನುಷ್ಯ ಉಳಿದವರಿಗೆ ಅಷ್ಟು ನೆನಪಿರುತ್ತಾನೆ. ಮಸುಕಾಗಿದ್ದರೆ ಮಸುಕಾಗಿ ನೆನಪಿರುತ್ತಾನೆ. ಕೈಯಲ್ಲಿ ಬರೆದರೆ ನಡೆಯುವುದಿಲ್ಲ. ಇದ್ದಿಲು, ಸುಣ್ಣ, ಎಣ್ಣೆಬಣ್ಣ, ಕಲ್ಲಿನಲ್ಲಿ ಕೆತ್ತಿಸಿದ್ದು, ಎಲ್ಲವನ್ನೂ ಹಿಂದಿನವರು ಮಾಡಿ ನೋಡಿ ಬಿಟ್ಟಿದ್ದಾರೆ. ಅಂಥ ಹೆಸರಿನ ಮೇಲೆ ಕಣ್ಣು ನಿಲ್ಲದೆ ಜಾರಿಹೋಗುತ್ತದೆ.

ಹಾಗಾಗಿ ಇಲ್ಲಿ ಒಲೆ ಇಲ್ಲದ ಮನೆ ಇರಬಹುದು, ಪ್ರಿಂಟರ್ ಇಲ್ಲದ ಮನೆ ಇಲ್ಲ. ಮಕ್ಕಳಿಗೆ ಸಣ್ಣ ಹೆಸರಿಡುವುದು ವಾಡಿಕೆ. ನನ್ನ ತಂದೆ ನನಗೆ ಇಳಾ ಎಂದಿಟ್ಟರು. ಅದಕ್ಕೂ ಅಜ್ಜಿ, "ಇಳ ಅಂದ್ರೆ ಸಾಲ್ದೇನೋ, ಕೊನೇಲಿ ಎಳೆಯೋದು ಯಾಕೆ, ಇಂಕೇನು ನಿಮ್ಮಪ್ಪ ತಂದು ಹಾಕ್ತಾನಾ?" ಎಂದಿದ್ದರಂತೆ. ನನ್ನ ಗಂಡನ ಹೆಸರು ಗಿರಿ, ಅತ್ತೆಯ ಹೆಸರು ತಾರಾ. ಎದುರು ಮನೆಯಲ್ಲಿ ವಸು ಇದ್ದಾಳೆ. ಒಮ್ಮೆ ಅವಳ ಮನೆಯಲ್ಲಿ ಕಪ್ಪು ಮುಗಿದು, ಬಣ್ಣಗಳನ್ನೇ ಬೆರೆಸಿ ಮುದ್ರಿಸಿದಾಗ ಹೆಸರು ಹಸಿರು ತಿರುಗಿತು. ಅವತ್ತಿಡೀ ಬೀದಿಯವರೆಲ್ಲ ಅವಳನ್ನು ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಸಂಜೆಯ ಹೊತ್ತಿಗೆ ಅವಳಿಗೆ ನಿಜವಾಗಿಯೂ ಜ್ವರ ಬಂದಿತ್ತು.

ಹಾಳೆಯಲ್ಲಿ ಹೆಸರುಗಳು ಹಿರಿತನದ ಪ್ರಕಾರ ಒಂದರ ಕೆಳಗೊಂದು ಬರುತ್ತವೆ. ಮೊದಲು ಅತ್ತೆ, ಆಮೇಲೆ ಮಗ, ಕೊನೆಯಲ್ಲಿ ಸೊಸೆ. ಇಂಕು ಕಡಿಮೆಯಾದಾಗ ಪ್ರಿಂಟರ್ ಮೇಲಿನಿಂದ ಕೆಳಕ್ಕೆ ಸೋಲುತ್ತಾ ಬರುತ್ತದೆ. ತಾರಾ ಎಂಬುದು ಗುಂಡಗೆ ಮೂಡುತ್ತದೆ, ಗಿರಿ ಸ್ವಲ್ಪ ಬೂದಿ, ಇಳಾ ಎನ್ನುವಲ್ಲಿಗೆ ಉಸಿರು ಮುಗಿದಿರುತ್ತದೆ. ಕೊನೆಯ ಸಾಲನ್ನು ಮೇಲೆ ತರುವ ಹಾಗಿಲ್ಲ. ಬೇರೆ ಹಾಳೆ ಹಚ್ಚಿದರೆ ಸಂಸಾರ ಎರಡಾಯಿತೆಂದು ಅರ್ಥ. ಮನೆಯೊಳಗೇ ಇದ್ದವರು ಒಬ್ಬರನ್ನೊಬ್ಬರು ಮರೆಯುವುದಿಲ್ಲ, ಹೊಸ್ತಿಲು ದಾಟಿ ಹೋದವರು ಮತ್ತೆ ಓದಿಕೊಂಡೇ ಒಳಗೆ ಬರಬೇಕು. ಗಿರಿ ದಿನವೂ ಹೊಸ್ತಿಲು ದಾಟಿ ಹೋಗುವ ಮನುಷ್ಯ.

ಪಕ್ಕದ ಮನೆಯವಳ ಹೆಸರು ತ್ರಿಪುರಸುಂದರಿ.

ಹೊರಗಿನಿಂದ ಬಂದು ಎರಡು ವರ್ಷವಾಗಿತ್ತು. ಒಬ್ಬಳೇ ಇರುತ್ತಿದ್ದಳು. ಸೀರೆಗೆ ಫಾಲ್ಸ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಅಷ್ಟುದ್ದದ ಹೆಸರನ್ನು ಹಾಳೆಯ ಈ ತುದಿಯಿಂದ ಆ ತುದಿಗೆ, ದಪ್ಪ ಅಕ್ಷರದಲ್ಲಿ, ಕಾಡಿಗೆಯಷ್ಟು ಕಪ್ಪಾಗಿ ದಿನವೂ ಅಂಟಿಸುತ್ತಿದ್ದಳು. ಇಂಕಿನ ಬೆಲೆ ಏರಿ ಇಡೀ ಊರು ಸಣ್ಣ ಅಕ್ಷರಕ್ಕೆ ಇಳಿದಾಗಲೂ ಆ ಹೆಸರು ಒಂದು ಕೂದಲೆಳೆಯಷ್ಟು ತೆಳುವಾಗಲಿಲ್ಲ. ತರಕಾರಿಯವಳು ಬುಟ್ಟಿ ಇಳಿಸಿದರೆ ಎಳೆಯ ಹುರುಳಿಕಾಯಿಯನ್ನು ಆರಿಸಿ ಅವಳಿಗಿಟ್ಟು, ನಾರು ಬಲಿತದ್ದನ್ನು ನನ್ನ ಮೊರಕ್ಕೆ ಸುರಿಯುತ್ತಿದ್ದಳು. ನಾನು ಎದುರಿಗೇ ನಿಂತಿದ್ದರೂ, "ಅಲ್ಲಿ ಯಾರೋ ಒಬ್ರಿದ್ರಲ್ಲ" ಎಂಬಂತೆ ನನ್ನ ಹೆಗಲಿನಾಚೆ ನೋಡುತ್ತಿದ್ದಳು.

"ನೋಡೇ ಆಕೆ ಹೆಸರನ್ನ," ಎನ್ನುತ್ತಿದ್ದರು ಅತ್ತೆ, ಸೀರೆಗೆ ಕುಚ್ಚು ಕಟ್ಟಿಸಿಕೊಂಡು ಬಂದಾಗಲೆಲ್ಲ. "ತೊಳೆದು ನಿಲ್ಸಿದ ಎಮ್ಮೆ ಹಾಗೆ ಮಿಂಚ್ತಾ ಇದೆ. ನಮ್ಮನೇದು ನೋಡು, ಮೂರು ಹೆಸರು ಸೇರಿ ಆಕೆಯ ಒಂದು ಕೊಂಬಿಗೆ ಸಮ ಇಲ್ಲ."

"ಅವರೊಬ್ಬರೇ ಇರೋದು ಅತ್ತೆ. ಇಂಕೆಲ್ಲ ಒಂದೇ ಹೆಸರಿಗೆ."

"ಒಬ್ಬಳೇ ಇದ್ರೆ ಇಂಕು ಆಕಾಶದಿಂದ ಸುರಿಯುತ್ತಾ? ನೀನು ಓದಿದೋಳು, ಎಲ್ಲಿಂದ ತರ್ತಾಳೆ ಅಂತ ಕಂಡುಹಿಡಿ."

ಕಂಡುಹಿಡಿಯಲು ನಾನು ಪಡದ ಪಾಡಿಲ್ಲ. ಸಂತೆಬೀದಿಯ ಮುನೀರ್ ಸಾಬರ ಅಂಗಡಿಗೆ ಎಡತಾಕಿದೆ. ಕಂಪನಿಯ ಕಾರ್ಟ್ರಿಜ್ ಬೆಲೆ ಕೇಳಿದರೆ ಅವರೇ ನಾಚಿಕೊಂಡು ಮೀಸೆ ಸವರುತ್ತಿದ್ದರು.

"ಇದಕ್ಕಿಂತ ಹೊಸ ಪ್ರಿಂಟರೇ ಅಗ್ಗ, ಮೇಡಂ. ಪ್ರಿಂಟರ್ ತಗೊಳೋದು ಮಗಳ ಮದುವೆ ಮಾಡಿದ ಹಾಗೆ. ಮದುವೆ ಖರ್ಚು ಹೇಗೋ ಆಗ್ಹೋಗುತ್ತೆ, ಆಮೇಲೆ ಬರೋ ಹಬ್ಬಗಳೇ ಮನುಷ್ಯನ್ನ ಕೊಲ್ಲೋದು."

"ಹಾಗಾದ್ರೆ ಹೊಸ ಪ್ರಿಂಟರೇ ಕೊಡಿ."

"ಅದ್ರಲ್ಲಿರೋ ಡಬ್ಬಿ ಅರ್ಧಾನೇ ತುಂಬಿರುತ್ತೆ. ಅವರೇನು ನಮಗಿಂತ ದಡ್ಡರಾ?"

ಕೊನೆಗೆ ಅವರು ಬಾಟಲಿಯಲ್ಲಿ ಬರುವ ಅಗ್ಗದ ಇಂಕನ್ನೂ ಒಂದು ಸಿರಿಂಜನ್ನೂ ಕೊಟ್ಟರು. ಮನೆಗೆ ತಂದು, ಕಾರ್ಟ್ರಿಜ್‌ನ ನೆತ್ತಿಗೆ ಚುಚ್ಚಿ ತುಂಬಿಸಿದೆ. ಪ್ರಿಂಟರ್ ಕೆಂಪು ದೀಪ ಮಿಟುಕಿಸಿ, ಇದು ನಮ್ಮ ಡಬ್ಬಿ ಅಲ್ಲ ಎಂದು ಹಟ ಹಿಡಿಯಿತು. ತೆಗೆದು, ಒರೆಸಿ, ಮತ್ತೆ ಹಾಕಿ, ಹೇಗೋ ಒಂದು ಹಾಳೆ ಬರಿಸಿದೆ. ಅದು ಎಷ್ಟು ನೀರಾಗಿತ್ತೆಂದರೆ ಬೆಳಗಿನ ಮಂಜಿಗೆ ಮೊದಲ ಎರಡು ಸಾಲು ಕಲಸಿಹೋದವು. ಆ ದಿನ ಬೀದಿಯವರು ಗಿರಿಯನ್ನು ತಾರಮ್ಮ ಎಂದು ಕರೆದು, ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದರು. ಅತ್ತೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ಸಾಲು ಕಲಸಿಹೋಗಲಿಲ್ಲ, ಯಾಕೆಂದರೆ ಅಲ್ಲಿ ಕಲಸಿಹೋಗುವಷ್ಟು ಏನೂ ಮೂಡಿರಲಿಲ್ಲ.

ನಾನು ಗಮನಿಸುವ ಹೆಂಗಸು. ಗಿರಿ ಸಂಜೆ ಕೆಲಸದಿಂದ ಬಂದು ಗೇಟಿನ ಚಿಲಕ ತೆಗೆದದ್ದರಿಂದ ಹೊಸ್ತಿಲು ತುಳಿಯುವವರೆಗಿನ ಹೊತ್ತು ಉದ್ದವಾಗುತ್ತಾ ಬಂದದ್ದನ್ನು ಗಮನಿಸಿದೆ. ಮೊದಲು ಬಾಗಿಲ ಹಾಳೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಬರುತ್ತಿದ್ದವರು, ಈಗ ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಕೊನೆಯ ಸಾಲಿನ ಹತ್ತಿರ ಮುಖ ಒಯ್ದು ನಿಲ್ಲುತ್ತಿದ್ದರು. ಪಕ್ಕದ ಮನೆಯ ಮುಂದೆ ಬರುವಾಗ ಮಾತ್ರ ಅವರ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಅಲ್ಲಿ ಬಗ್ಗುವ ಅಗತ್ಯವೇ ಇರಲಿಲ್ಲ. ರಸ್ತೆಯ ಆ ಬದಿಯಿಂದಲೂ ಓದಬಹುದಿತ್ತು.

ಒಂದು ರಾತ್ರಿ ನಮ್ಮ ಪ್ರಿಂಟರಿನ ಖಾಲಿ ದೀಪ ಹತ್ತಿತು. ಖಾಲಿಯಾದ ಡಬ್ಬಿಯನ್ನು ಹೊಸ್ತಿಲೊಳಗೆ ಇಟ್ಟುಕೊಳ್ಳಬಾರದು, ಇಟ್ಟುಕೊಂಡರೆ ಮನೆಯ ಹೆಸರೂ ಖಾಲಿಯಾಗುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಮನೆಯ ಹೆಂಗಸು ಅದನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಊರಾಚೆಯ ನೀರಿಲ್ಲದ ಮೆಟ್ಟಿಲುಬಾವಿಗೆ ಎಸೆದು, ಹಿಂದಿರುಗಿ ನೋಡದೆ ಬರಬೇಕು. ನಾನು ನನ್ನ ಹಸಿರು ವಾಯಲ್ ಸೀರೆಯ ಅಂಚು ಹರಿದು ಸುತ್ತಿ ಎಸೆದು ಬಂದೆ. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಅತ್ತೆ ಎಂದೋ ಎತ್ತಿಟ್ಟಿದ್ದ ಹಳೆಯ ಅರ್ಧ ಡಬ್ಬಿಯನ್ನು ಹಾಕಿದೆ. ಅದು ಒಣಗಿತ್ತು. ಮರುದಿನ ಬಾಗಿಲಲ್ಲಿ ನನ್ನ ಹೆಸರಿನ ಜಾಗದಲ್ಲಿ ಬೂದಿಯ ಎರಡು ಗೆರೆ ಮಾತ್ರ ಇದ್ದವು.

ಆ ಸಂಜೆ ಗಿರಿ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಒಳಗೆ ಬಂದು ಚಪ್ಪಲಿಯನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟರು, ಬೇರೆಯವರ ಮನೆಗೆ ಹೋದಾಗ ಇಡುವ ಹಾಗೆ. ನನ್ನನ್ನು ನೋಡಿ ಸ್ವಲ್ಪ ನಕ್ಕರು.

"ಸ್ವಲ್ಪ ನೀರು ಕೊಡ್ತೀರಾ?" ಎಂದರು.

ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನ ಗಂಡ ಒಮ್ಮೆಯೂ ನನ್ನನ್ನು ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ನೀರು ಕೊಟ್ಟೆ. ಲೋಟ ತೆಗೆದುಕೊಳ್ಳುವಾಗ ಬೆರಳು ತಾಗದ ಹಾಗೆ ಎಚ್ಚರ ವಹಿಸಿದರು. ಆಗ ನನಗೆ ಅವರ ಹೆಬ್ಬೆರಳು ಕಾಣಿಸಿತು. ಉಗುರಿನ ಬುಡದವರೆಗೆ ಕಪ್ಪು ಇಂಕು. ನಮ್ಮ ಮನೆಯಲ್ಲಿ ಅಷ್ಟು ಕಪ್ಪು ಇಂಕು ಇರಲಿಲ್ಲ.

ರಾತ್ರಿಯ ಊಟದ ಹೊತ್ತಿಗೆ, ಅತ್ತೆ ನಾಲ್ಕು ಸಲ ನನ್ನ ಹೆಸರು ಹಿಡಿದು ಕರೆದ ಮೇಲೆ, ಗಿರಿಗೆ ನಾನು ಯಾರೆಂದು ಮರಳಿ ಹೊಳೆಯಿತು. "ಸಾರು ಹಾಕು ಇಳಾ" ಎಂದರು, ಏನೂ ಆಗಿಲ್ಲವೆಂಬಂತೆ. ನಾನು ಬೆರಳಿನ ಬಗ್ಗೆ ಕೇಳಲಿಲ್ಲ. ಗೋಡೆಯಾಚೆ ಸದ್ದು ಎರಡು ಸಲ ಬಂತು. ಒಂದು ಅವಳ ಬಾಗಿಲಿಗೆ, ಇನ್ನೊಂದು ಯಾರಿಗೆ ಎಂದು ಕೇಳಿಕೊಳ್ಳುತ್ತಾ ಮಲಗಿದೆ. ಪಕ್ಕದಲ್ಲಿ ಗಿರಿ ನಿದ್ದೆ ಮಾಡುತ್ತಿದ್ದರು. ಅವರ ಕೈ ಹಾಸಿಗೆಯ ಮೇಲೆ, ನನ್ನ ಕಡೆಗೆ ಅಂಗೈ ತೋರಿಸಿಕೊಂಡು ಬಿದ್ದಿತ್ತು. ಬೆಳಕಿಲ್ಲದಿದ್ದರೂ ಆ ಹೆಬ್ಬೆರಳು ನನಗೆ ಕಾಣುತ್ತಲೇ ಇತ್ತು. ತ್ರಿ, ಪು, ರ, ಸುಂ, ದ, ರಿ. ಒಂದೊಂದೇ ಅಕ್ಷರವನ್ನು ಹಲ್ಲಿನ ನಡುವೆ ಕಚ್ಚಿ ಬಿಡುತ್ತಾ ಬೆಳಗು ಮಾಡಿದೆ.

ಮರುದಿನ ಮಧ್ಯಾಹ್ನ, ಬೀದಿ ಉಂಡು ಮಲಗಿದ್ದಾಗ, ಅವಳು ಬೆತ್ತದ ಬುಟ್ಟಿ ಹಿಡಿದು ಹೊರಟದ್ದನ್ನು ಕಿಟಕಿಯಿಂದ ಕಂಡೆ. ಸೀರೆ ಕೊಡಲು ಹೋಗುವವಳಾದರೆ ಊರಿನ ಒಳಕ್ಕೆ ಹೋಗಬೇಕಿತ್ತು. ಅವಳು ಹೊರಗಿನ ದಾರಿ ಹಿಡಿದಳು. ಗಿರಿಯ ಆಫೀಸು ಇರುವುದು ಆ ದಾರಿಯಲ್ಲೇ. ನಾನು ಅತ್ತೆಯ ಗೊರಕೆ ಕೇಳಿಸಿಕೊಂಡು, ಮೆತ್ತಗೆ ಬಾಗಿಲು ಮುಂದೆ ಮಾಡಿ ಹಿಂದೆಯೇ ಹೊರಟೆ. ನನ್ನ ಹೆಸರು ಅಷ್ಟು ಮಸುಕಾಗಿದ್ದದ್ದು ಆ ಹೊತ್ತಿನಲ್ಲಿ ಉಪಕಾರವೇ ಆಯಿತು. ದಾರಿಯಲ್ಲಿ ಸಿಕ್ಕವರು ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಆಫೀಸಿನ ಮುಂದೆ ಅವಳು ನಿಲ್ಲಲಿಲ್ಲ. ತಲೆ ಎತ್ತಿ ನೋಡಲೂ ಇಲ್ಲ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವಳು ನೇರ ಮೆಟ್ಟಿಲುಬಾವಿಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು. ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿದೆ. ಬಾವಿಯ ತಳದಲ್ಲಿ ಊರ ಹೆಂಗಸರ ಸೀರೆಯ ತುಂಡುಗಳೆಲ್ಲ ಬಣ್ಣಗೆಟ್ಟು ಬಿದ್ದಿದ್ದವು. ಅವುಗಳ ನಡುವೆ ಹೊಸದಾಗಿದ್ದದ್ದು ಒಂದೇ ಗಂಟು, ನನ್ನ ಹಸಿರು ವಾಯಲ್. ಅವಳು ಅದನ್ನು ಎತ್ತಿಕೊಂಡು, ಬಿಚ್ಚಿ, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಅದು ನಂದು," ಎಂದೆ. ಬಾವಿ ನನ್ನ ಮಾತನ್ನು ದೊಡ್ಡದು ಮಾಡಿ ವಾಪಸ್ಸು ಕೊಟ್ಟಿತು.

ಅವಳು ಬೆಚ್ಚಲಿಲ್ಲ. ಮೇಲೆ ನೋಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, "ಯಾರು?" ಎಂದಳು. ಆಮೇಲೆ, "ಪಕ್ಕದ ಮನೆಯವರಾ? ಕ್ಷಮಿಸಿ, ಹೆಸರು..."

"ಇಳಾ."

"ಹಾಂ, ಇಳಾ. ಬನ್ನಿ, ಕೆಳಗೆ ತಂಪಿದೆ."

ನಾನು ಇಳಿದೆ. ಎರಡು ವರ್ಷದಿಂದ ನಾವು ಎಸೆದದ್ದನ್ನು ಹೆಕ್ಕಿ, ನಮ್ಮ ಮನೆಗಳ ಇಂಕಿನಿಂದ ಇವಳು ಊರ ತುಂಬ ಮೆರೆಯುತ್ತಿದ್ದಳು. ಅವಳ ಹೆಸರಿನ ಕಪ್ಪಿನಲ್ಲಿ ನನ್ನದೆಷ್ಟು, ವಸುವಿನದೆಷ್ಟು ಎಂದು ಯಾರು ಬೇರ್ಪಡಿಸಿಯಾರು? ಗಿರಿಯ ನಡಿಗೆ ಅಲ್ಲಿ ನಿಧಾನವಾಗುತ್ತಿದ್ದದ್ದು ಯಾವ ಅಕ್ಷರಕ್ಕೆ?

"ನೀವು ಮಾಡ್ತಿರೋದು ಏನಂತ ಗೊತ್ತಾ ನಿಮಗೆ? ಬೀದಿಯವರಿಗೆ ಹೇಳಿದ್ರೆ ನಿಮ್ಮನ್ನ ಇಲ್ಲಿ ಇರೋಕೆ ಬಿಡಲ್ಲ."

"ಹೇಳಿ," ಎಂದಳು. "ನಾನೇನು ಬೇಡ ಅನ್ನಲ್ಲ. ಆದ್ರೆ ಮೊದ್ಲು ಇಲ್ಲಿ ಕಿವಿ ಕೊಡಿ." ಡಬ್ಬಿಯನ್ನು ನನ್ನ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಏನೋ ಮೆಲ್ಲಗೆ ತುಳುಕಿತು. "ಕೇಳಿಸ್ತಾ? ದೀಪ ಹತ್ತಿದ ತಕ್ಷಣ ಖಾಲಿ ಅಂತ ಯಾರು ಹೇಳಿದ್ರು ನಿಮಗೆಲ್ಲ? ಆ ದೀಪಕ್ಕೆ ಒಳಗೆ ಇಣುಕಿ ನೋಡೋಕೆ ಕಣ್ಣಿಲ್ಲ. ಇಷ್ಟು ಹಾಳೆ ಆಯ್ತು, ಸಾಕು ಅಂತ ಅದೇ ಲೆಕ್ಕ ಹಾಕ್ಕೊಂಡು ಹತ್ತುತ್ತೆ. ನಮ್ಮ ಕಡೆ ಯಾರೂ ಅದರ ಮಾತು ಕೇಳಲ್ಲ. ಪ್ರಿಂಟರ್ ಮುಂದಿರೋ ಬಟನ್ ಒತ್ತಿ ಹಿಡ್ಕೊಂಡ್ರೆ ಬಾಯಿ ಮುಚ್ಕೊಳ್ಳುತ್ತೆ."

"ಒಬ್ಬರಿಗೂ ಹೇಳಲಿಲ್ಲ ನೀವು."

"ಯಾರಿಗೆ ಹೇಳ್ಲಿ? ನಮ್ಮನೆಗೆ ಬರೋರೆಲ್ಲ ಕುಚ್ಚು ಯಾವಾಗ ಆಗುತ್ತೆ ಅಂತ ಕೇಳಿ ಹೋಗ್ತಾರೆ." ಹಸಿರು ತುಂಡನ್ನು ಮಡಿಸಿ ನನ್ನ ಕೈಗಿಟ್ಟಳು. "ಈಗ ಎಲ್ರೂ ಸಣ್ಣ ಅಕ್ಷರ ಮಾಡ್ಕೊಂಡು ಡಬ್ಬಿ ಎಸೆಯೋದೇ ನಿಲ್ಸಿದ್ದಾರೆ. ಈ ವಾರ ಸಿಕ್ಕಿದ್ದು ಇದೊಂದೇ. ನಿಮ್ದು ನೀವೇ ತಗೊಳ್ಳಿ. ಒಣಗಿರೋ ಡಬ್ಬಿಗೆ ತುಂಬಿಸೋದು ತೋರಿಸ್ತೀನಿ, ಬನ್ನಿ."

ಅವಳ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಳಗೆ ಬೆಲೆಬಾಳುವ ಏನಾದರೂ ಇರುತ್ತದೆಂದು ನಾನು ನಂಬಿದ್ದೆ. ಹೊಲಿಗೆ ಮಿಷನ್ನು, ಕುಚ್ಚಿನ ರೇಷ್ಮೆ ದಾರದ ಲಡಿಗಳು, ಒಂದು ಚಾಪೆ, ಒಂದು ತಟ್ಟೆ. ಗೋಡೆಯಲ್ಲಿ ಸಣ್ಣ ಕನ್ನಡಿ. ಕನ್ನಡಿಯ ಪಕ್ಕದಲ್ಲೇ ಹಾಳೆಯೊಂದನ್ನು ಅಂಟಿಸಲಾಗಿತ್ತು. ತ್ರಿಪುರಸುಂದರಿ ಎಂದು, ಬಾಗಿಲಿನದರಷ್ಟೇ ದಪ್ಪವಾಗಿ, ಅಷ್ಟೇ ಕಪ್ಪಾಗಿ.

ನಾನು ಅದನ್ನೇ ನೋಡುತ್ತಿರುವುದನ್ನು ಅವಳು ಕಂಡಳು.

"ಅದು ನನಗೆ," ಎಂದಳು. "ಬಂದ ಹೊಸದರಲ್ಲಿ ಒಂದು ಸಲ ತಲೆ ಬಾಚ್ಕೊಳ್ತಾ ನಿಂತಿದ್ದೆ, ಕನ್ನಡಿಯಲ್ಲಿರೋಳು ಯಾರು ಅಂತ ಹೊಳೀಲೇ ಇಲ್ಲ. ಒಬ್ಬಳೇ ಇರೋ ಮನೇಲಿ ಹೆಸರು ಹಿಡಿದು ಕರೆಯೋರು ಯಾರಿರ್ತಾರೆ? ಅವತ್ತಿಂದ ದಿನಾ ಎರಡು."

ಎರಡನೆಯ ಸದ್ದಿಗೆ ನಾನು ಕಟ್ಟಿದ್ದ ಕಥೆಗಳೆಲ್ಲ ಬಾಯಿಯಲ್ಲಿ ಕಹಿಯಾದವು. ಆದರೂ, ನಿಜ ಹೇಳಬೇಕೆಂದರೆ, ಆ ಕೋಣೆಯಲ್ಲಿ ನಿಂತು ನನಗೆ ಹೊಳೆದದ್ದು ಬೇರೆ. ಹಾಳೆ ಪೂರ್ತಿ ತನ್ನ ಒಬ್ಬಳ ಹೆಸರೇ. ಮೇಲೆ ಅತ್ತೆ ಇಲ್ಲ, ಗಂಡ ಇಲ್ಲ. ಅದೂ ದಿನಕ್ಕೆ ಎರಡು ಸಲ.

ನಾನು ಮನೆಯಿಂದ ಒಣಗಿದ ಡಬ್ಬಿ ತಂದೆ. ಅವಳು ಬಿಸಿನೀರಿನಲ್ಲಿ ಅದರ ಬಾಯಿ ನೆನೆಸಿ, ಬಾವಿಯಿಂದ ತಂದ ಡಬ್ಬಿಯ ಇಂಕನ್ನು ಸಿರಿಂಜಿನಲ್ಲಿ ಎಳೆದು ತುಂಬಿಸಿದಳು. ಅದರಿಂದ ಅರ್ಧವೂ ತುಂಬಲಿಲ್ಲ. ಆಗ ಒಂದು ಸಣ್ಣ ಔಷಧಿ ಬಾಟಲಿ ತಂದು, ತಳದಲ್ಲಿದ್ದ ತನ್ನ ಇಂಕನ್ನೂ ಬಗ್ಗಿಸಿದಳು. ಸಾಕು ಎಂದು ನಾನು ಹೇಳಬಹುದಿತ್ತು. ಬಾಟಲಿ ತಲೆಕೆಳಗಾಗಿ ಕೊನೆಯ ಹನಿ ಬೀಳುವವರೆಗೆ ನಾನು ಬಾಯಿ ಬಿಡಲಿಲ್ಲ.

ಆ ರಾತ್ರಿ ನಮ್ಮ ಪ್ರಿಂಟರಿನ ಬಟನ್ ಒತ್ತಿ ಹಿಡಿದೆ. ಕೆಂಪು ದೀಪ ಎರಡು ಸಲ ಮಿಟುಕಿ ಸೋತಿತು. ತಾರಾ, ಗಿರಿ, ಇಳಾ. ಮೂರೂ ಸಾಲು ಒಂದೇ ಕಪ್ಪು. ನನ್ನ ಹೆಸರಿನ ಕೊನೆಯ ದೀರ್ಘ ನೇರವಾಗಿ ನಿಂತಿತ್ತು. ಗೋಡೆಯಾಚೆಯಿಂದ ಸದ್ದು ಒಂದೇ ಸಲ ಬಂತು. ಇನ್ನೊಂದಕ್ಕೆ ಕಾಯುತ್ತಾ ನಾನು ಯಾವಾಗಲೋ ನಿದ್ದೆ ಹೋದೆ.

ಬೆಳಿಗ್ಗೆ ಹಾಲಿನ ಭೀಮಪ್ಪ ಸೈಕಲ್ ನಿಲ್ಲಿಸಿ, "ಇಳಮ್ಮಾರೇ, ಇವತ್ತು ಹಾಲು ಗಟ್ಟಿ ಐತೆ, ಹೆಪ್ಪು ಹಾಕ್ರಿ" ಎಂದ. ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಅವನು ಸೈಕಲ್ ಹತ್ತಿ, ಪಕ್ಕದ ಮನೆಯ ಮುಂದೆ ನಿಲ್ಲದೆ ಹೋದ. ಅವಳು ಪಾತ್ರೆ ಹಿಡಿದು ಬಾಗಿಲಲ್ಲಿದ್ದಳು. ಅವಳ ಹಾಳೆಯಲ್ಲಿ ಅಷ್ಟುದ್ದದ ಹೆಸರು ನೀರಿನಲ್ಲಿ ಬರೆದ ಹಾಗಿತ್ತು. ನಾನು ನನ್ನ ಪಾತ್ರೆ ಹಿಡಿದು ಒಳಗೆ ಬಂದೆ.

ತರಕಾರಿಯವಳು ನನಗೆ ಎಳೆಯ ಹುರುಳಿಕಾಯಿ ಆರಿಸಿಕೊಟ್ಟಳು. ವಸು ತಾನಾಗಿ ಗೇಟಿನವರೆಗೆ ಬಂದು ಮಾತಾಡಿದಳು. ಅತ್ತೆ ವಸುವಿನ ಮನೆಗೆ ಹೋಗಿ ಬಂದು, ಬಾಗಿಲಲ್ಲಿ ನಿಂತು ಹಣೆ ಉಜ್ಜಿಕೊಂಡರು.

"ಅಲ್ವೇ, ನನ್ನ ನೀಲಿ ಸೀರೆ ಕುಚ್ಚಿಗೆ ಕೊಟ್ಟಿದ್ದೆ. ಯಾರಿಗೆ ಕೊಟ್ಟೆ? ಇಲ್ಲೇ ಎಲ್ಲೋ ಒಬ್ಬಳು... ಏನೋ ಉದ್ದ ಹೆಸರು."

"ಗೊತ್ತಿಲ್ಲ ಅತ್ತೆ," ಎಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು. ಗೊತ್ತಿತ್ತು. ಬೀದಿಯವರೆಲ್ಲ ಮರೆತಿದ್ದ ಆ ಹೆಸರು ನನ್ನ ಬಾಯಲ್ಲಿ ಒಂದಕ್ಷರವೂ ಸವೆಯದೆ ಇತ್ತು. ಅದು ಹೇಗೆ ಎಂದು ಯೋಚಿಸುವ ಗೋಜಿಗೆ ಹೋಗದೆ, ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತೆ. ಆ ದಿನದಷ್ಟು ಸುಖವಾದ ದಿನ ನನಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ.

ಸಂಜೆ ಚಿಲಕದ ಸದ್ದಾಯಿತು. ಗಿರಿ ಬಗ್ಗಲಿಲ್ಲ, ಕನ್ನಡಕ ಸರಿಮಾಡಿಕೊಳ್ಳಲಿಲ್ಲ. ಚಪ್ಪಲಿಯನ್ನು ಎಂದಿನಂತೆ ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಬಿಟ್ಟರು.

"ಇಳಾ, ನೀರು ಕೊಡೆ," ಎಂದರು.

ಕೊಟ್ಟೆ. ಬೆರಳು ತಾಗಿತು. ಹೆಬ್ಬೆರಳಿನ ಕಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ.

"ರೀ, ಇದೇನು?"

"ಇದಾ?" ಬೆರಳು ತಿರುಗಿಸಿ ನೋಡಿಕೊಂಡರು. "ಮೊನ್ನೆ ಬೆಳಿಗ್ಗೆ ಹೋಗುವಾಗ ಯಾವುದೋ ಬಾಗಿಲ ಹಾಳೆ ಮುಟ್ಟಿ ನೋಡಿದ್ದೆ. ಬಹಳ ಕಪ್ಪಿತ್ತು. ಯಾವ ಇಂಕು ಅಂತ ಮುನೀರ್‌ಗೆ ಬೆರಳು ತೋರಿಸಿ ಕೇಳೋಣ, ನಿನ್ನ ಸಾಲಿಗೂ ಅಂಥದ್ದೇ ತರೋಣ ಅಂತಿದ್ದೆ. ಸಂಜೆ ಹೊತ್ತಿಗೆ ಮರ್ತೇಹೋಯ್ತು."

ನಂಬಿದೆ. ಮುಕ್ಕಾಲು ಪಾಲು ನಂಬಿದೆ.

"ಅದಿರ್ಲಿ, ಪಕ್ಕದ ಮನೆ ಹತ್ರ ಯಾರೋ ಒಬ್ರು ಆಗಿನಿಂದ ನಿಂತಿದ್ದಾರೆ," ಎಂದರು ನೀರು ಕುಡಿದು. "ಯಾರನ್ನ ಹುಡುಕ್ತಿದ್ದಾರೋ, ನೋಡು ಪಾಪ."

ನಾನು ಹೊರಗೆ ಬಂದೆ. ಅವಳು ತನ್ನ ಬಾಗಿಲ ಮುಂದೆಯೇ ನಿಂತಿದ್ದಳು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಬೀಗದ ಕೈ. ಬಾವಿಗೆ ಹೋಗಿ ಬಂದಿದ್ದಳೆಂದು ತೋರುತ್ತದೆ, ಪಾದಗಳಿಗೆ ಧೂಳು ಮೆತ್ತಿತ್ತು, ಬುಟ್ಟಿ ಬರಿದಾಗಿತ್ತು. ಬಾಗಿಲ ಹಾಳೆಯಲ್ಲಿ ಏನೂ ಉಳಿದಿರಲಿಲ್ಲ. ಅವಳು ಅದನ್ನು ನೋಡುತ್ತಿದ್ದಳು, ಆಮೇಲೆ ಬೀಗದ ಕೈಯನ್ನು, ಆಮೇಲೆ ನನ್ನನ್ನು. ಪರಸ್ಥಳದಲ್ಲಿ ದಾರಿ ಕೇಳುವವರ ಸಂಕೋಚದಿಂದ ನಕ್ಕಳು.

"ನೋಡಿ ಇವರೇ, ಈ ಮನೇಲಿ ಯಾರಿರ್ತಾರೆ ಅಂತ ನಿಮಗೇನಾದ್ರೂ ಗೊತ್ತಾ?"

ಗೇಟಿನ ಕಂಬಿಯನ್ನು ನಾನು ಹಿಡಿದುಕೊಂಡೆ. ಗೊತ್ತಿಲ್ಲ ಎಂಬ ಮಾತು ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲೇ ಕೂತಿತ್ತು. ಅವಳು ಕಾಯುತ್ತಿದ್ದಳು. ಆ ಬೀಗದ ಕೈಯನ್ನು ಹಿಡಿದಿದ್ದ ರೀತಿ, ಯಾರದೋ ವಸ್ತು ದಾರಿಯಲ್ಲಿ ಸಿಕ್ಕಿ ಹಿಂದಿರುಗಿಸಲು ಬಂದವಳ ಹಾಗಿತ್ತು.

"ತ್ರಿಪುರಸುಂದರಿ," ಎಂದೆ.

"ಯಾರು?"

"ತ್ರಿಪುರಸುಂದರಿ. ನೀವೇ. ಇದು ನಿಮ್ಮನೆ. ಒಳಗೆ ಹೊಲಿಗೆ ಮಿಷನ್ ಇದೆ, ಎಡಗಡೆ ಗೋಡೆಗೆ ಕನ್ನಡಿ ಇದೆ. ನಮ್ಮತ್ತೆಯ ನೀಲಿ ಸೀರೆ ನಿಮ್ಮ ಹತ್ರ ಇದೆ."

ಅವಳು ಅದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಅರ್ಧಕ್ಕೆ ನಿಂತಿತು. ನಾನು ಮತ್ತೆ ಹೇಳಿದೆ, ಅವಳೂ ಹೇಳಿದಳು. ಮೂರನೆಯ ಸಲಕ್ಕೆ ಅವಳ ಮುಖಕ್ಕೆ ಅವಳು ಬಂದಳು. ಬಾಗಿಲಿಗೆ ಕೈ ಊರಿಕೊಂಡು, "ಇಂಕು ನಿನ್ನೆ ಸಾಕಾಯ್ತಾ ನಿಮಗೆ?" ಎಂದಳು. ನಾನು ತಲೆಯಾಡಿಸಿದೆ.

ನಮ್ಮ ಬಾಗಿಲಲ್ಲಿ ಗಿರಿ, ಅತ್ತೆ ಇಬ್ಬರೂ ನಿಂತು ನೋಡುತ್ತಿದ್ದರು.

"ಅದೇ, ಆಕೇನೇ," ಎಂದರು ಅತ್ತೆ ಹಣೆ ಬಡಿದುಕೊಂಡು. "ಅಲ್ವೇ, ಬೆಳಿಗ್ಗೆ ಗೊತ್ತಿಲ್ಲ ಅಂದೆ?"

"ಆಮೇಲೆ ನೆನಪಾಯ್ತು ಅತ್ತೆ."

"ಬಾಗಿಲಲ್ಲಿ ಒಂದಕ್ಷರ ಇಲ್ಲ," ಎಂದರು ಗಿರಿ. "ಅಷ್ಟುದ್ದ ಹೆಸರು. ನಿನಗೆ ಹೇಗೆ ನೆನಪಿತ್ತೇ?"

"ಪಕ್ಕದ ಮನೆಯಲ್ವಾ ರೀ," ಎಂದೆ.

ಎಲ್ಲರೂ ಮಲಗಿದ ಮೇಲೆ ನಮ್ಮ ಮೂರು ಹೆಸರುಗಳ ಹಾಳೆ ತೆಗೆದಿಟ್ಟು, ಮತ್ತೆ ಎರಡು ಹಾಳೆ ಹಾಕಿದೆ. ಅತ್ತೆ ಒಳಗಿನಿಂದ, "ಏನೇ ಅದು, ಇನ್ನೂ ಸದ್ದು ಮಾಡ್ತಿದೆ?" ಎಂದರು. ಕಾಗದ ಸಿಕ್ಕಿಕೊಂಡಿದೆ ಎಂದೆ. ಮೊದಲನೆಯದು ಹೊರಗೆ ಬಂತು. ಅವಳ ಒಂದು ಹೆಸರಿಗೆ ನನ್ನ ಹೆಸರು ನಾಲ್ಕು ಸಲ ಆಗುವಷ್ಟು ಇಂಕು. ದೀಪದ ಕೆಳಗೆ ಹಿಡಿದು ನೋಡಿದೆ. ಹಾಳೆ ತುಂಬ, ಹೊಳೆಯುತ್ತಾ, ಎಷ್ಟು ಚಂದ ಕಾಣುತ್ತಿತ್ತೆಂದರೆ ಹಳೆಯ ಹೊಟ್ಟೆಕಿಚ್ಚು ಮತ್ತೆ ಕದಲಿತು. ನಾಳೆ ಗಿರಿ ಇದರ ಮುಂದೆಯೇ ಹಾದುಹೋಗಬೇಕು. ಸ್ವಲ್ಪ ಹೊತ್ತು ಯೋಚಿಸಿ ಆ ಹಾಳೆಯನ್ನು ಅವಳ ಕನ್ನಡಿಗೆಂದು ಎತ್ತಿಟ್ಟೆ. ಬಾಗಿಲಿನದಕ್ಕೆ ಅಕ್ಷರದ ಅಳತೆಯನ್ನು ಒಂದೇ ಒಂದು ಸೈಜು ಇಳಿಸಿದೆ. ಓದಲು ಏನೂ ತೊಂದರೆಯಿಲ್ಲದಷ್ಟು, ಪಕ್ಕಪಕ್ಕ ಇಟ್ಟು ನೋಡದಿದ್ದರೆ ಯಾರಿಗೂ ತಿಳಿಯದಷ್ಟು.

ಬೆಳಗಿನ ಜಾವ ಹೋಗಿ ಒಂದನ್ನು ಅವಳ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದೆ. ಬಾವಿಯ ಮಾತನ್ನಾಗಲಿ, ಆ ಹೆಸರು ನನ್ನಲ್ಲಿ ಇಂಕಿಲ್ಲದೆ ಹೇಗೆ ಉಳಿಯಿತೆಂಬುದನ್ನಾಗಲಿ, ಆ ಒಂದು ಸೈಜನ್ನಾಗಲಿ ಗಿರಿಗೂ ಅತ್ತೆಗೂ ಅವಳಿಗೂ ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ, ಕೈಗೆ ಹತ್ತಿದ್ದ ಅಂಟು ಒರೆಸಿಕೊಳ್ಳುತ್ತಾ ನಿಶ್ಚಯಿಸಿದೆ. ಭೀಮಪ್ಪನ ಸೈಕಲ್ ಬೀದಿಯ ತಿರುವಿನಲ್ಲಿ ಕೇಳಿಸಿತು. ನಾನು ಓಡಿಬಂದು, ಪಾತ್ರೆ ಹಿಡಿದು ನನ್ನ ಬಾಗಿಲಲ್ಲಿ ನಿಂತೆ.